ಎಡಗಡೆಯ ಸ್ಪೀಕರು

ಗುತ್ತಲು ರಸ್ತೆಯಲ್ಲಿ, ಪಂಕ್ಚರ್ ಅಂಗಡಿ ದಾಟಿದರೆ
ಅಕ್ಮಲನ ಮಳಿಗೆ. ಗಾಡಿ ಒಳಕ್ಕೇ ನುಗ್ಗಿಸಿದೆ.
ಮುಂದಿನ ಫೇರಿಂಗು ಬಿಚ್ಚಿ ಚಾಪೆಯ ಮೇಲೆ ಮಲಗಿಸಿದ.
ಅಷ್ಟು ದೊಡ್ಡ ಮುಖದ ಹಿಂದೆ ಇದ್ದದ್ದು
ನಾಲ್ಕು ವೈರು, ಒಂದು ಜೇಡ.

‘ಆರೂವರೆ ಇಂಚಿಂದು ಹಾಕ್ಸಿ ಸಾರ್, ಎದೆಗೇ ಬಂದು ಗುದ್ಬೇಕು.’
‘ಎದೆ ಬೇಡ ಕಣಪ್ಪ, ಕಿವಿ ಸಾಕು.’
‘ಹಂಗಾದ್ರೆ ನಾಲ್ಕಿಂಚು. ದೋಣಿಗೆ ಹಾಕೋ ಮಾಲು,
ನೀರಿಳಿಯಲ್ಲ, ತುಕ್ಕು ಹಿಡಿಯಲ್ಲ.’
ಮಂಡ್ಯದಲ್ಲಿ ಎಲ್ಲಿಯ ದೋಣಿ ಅಂದೆ.
ಅವನು ನಗಲಿಲ್ಲ:
‘ನಾಲೆಗೆ ಬಿದ್ರೂ ಹಾಡ್ತಾ ಇರುತ್ತೆ.’

ಆಮೇಲೆ ವ್ಯಾಟಿನ ಲೆಕ್ಕ. ಡಬ್ಬಿಯ ಮೇಲೆ ಐನೂರು ಅಂತಿದ್ದರೆ
ಐವತ್ತು ಅಂತ ಓದಿಕೊಳ್ಳಬೇಕಂತೆ,
ಹೆಣ್ಣು ನೋಡಲು ಬಂದ ಗಂಡಿನ ಸಂಬಳದ ಹಾಗೆ.
ಆಂಪ್ಲಿಫೈಯರು ಸೀಟಿನಡಿ ಇಟ್ಟರೆ ಬಿಸಿ, ಮೂತಿಯಲ್ಲಿಟ್ಟರೆ ಮಳೆ.
ಬಾಸ್ ಏರಿಸಿದರೆ ಸಿಗ್ನಲ್ಲಿನಲ್ಲಿ ಹೆಡ್‌ಲೈಟು ತೂಕಡಿಸುತ್ತದೆ.
ಅರವತ್ತು ದಾಟಿದ ಮೇಲೆ ಯಾವ ಕಂಪನಿಯದ್ದಾದರೂ
ಗಾಳಿಯದೇ ಹಾಡು.
ಇದನ್ನು ಮಾತ್ರ ಮೆಲ್ಲಗೆ ಹೇಳಿದ,
ಪಕ್ಕದ ಅಂಗಡಿಗೆ ಕೇಳಿಸದ ಹಾಗೆ.

ಹಲಗೆಗೆ ಒಂದು ಜೊತೆ ಕೂರಿಸಿ ಹಾಡು ಹಚ್ಚಿದ.
ಕಾಳು ಕಂಡ ಕೋಳಿಯಂತೆ ಕತ್ತು ಓರೆ ಮಾಡಿದೆ.
‘ಎಡಗಡೇದು ಕೂಗ್ತಿಲ್ಲವಲ್ಲ?’
‘ಕೂಗ್ತಿದೆ ಸಾರ್.’
ಅದರ ಬಾಯಿಗೆ ರಸೀದಿಯ ಚೂರೊಂದನ್ನು ಹಿಡಿದ.
ಕಾಗದ ಕುಣಿಯಿತು.

ಹೇಳಲೇಬೇಕಾಯಿತು.
ಸಕ್ಕರೆ ಕಾರ್ಖಾನೆಯ ಟರ್ಬೈನು ಮನೆ, ಹತ್ತೊಂಬತ್ತು ಹಂಗಾಮು,
ಯಾವಾಗಲೂ ಬಲಕ್ಕೆ ಗೇಜು, ಎಡ ಮಗ್ಗುಲಿಗೆ ಯಂತ್ರ.
ಕಿವಿಗೆಂದು ಹತ್ತಿ ಕೊಡುತ್ತಿದ್ದರು,
ನಾವು ಅದರಲ್ಲಿ ಕೈಯೆಣ್ಣೆ ಒರೆಸಿಕೊಳ್ಳುತ್ತಿದ್ದೆವು.
ಎಡಗಿವಿ ಹೋದದ್ದು ಯಾವ ವರ್ಷವೋ,
ರಾಜೀನಾಮೆ ಬರೆಯದೆ ಎದ್ದುಹೋದವನ ಹಾಗೆ.
ಮನೆಯಲ್ಲಿ ಹೇಳಿಲ್ಲ.

ಅಕ್ಮಲ್ ಸ್ಕ್ರೂಡ್ರೈವರು ಕೆಳಗಿಟ್ಟ.
‘ಒಂದೇ ಸಾಕು ಬಿಡಿ. ಎರಡೂ ಕಡೆಯದ್ದು ಕೂಡಿಸಿ
ಬಲಕ್ಕೇ ಕೊಡ್ತೀನಿ. ಅರ್ಧ ದುಡ್ಡು.’
ಒಳ್ಳೆಯ ಮಾತು. ಜೇಬಿಗೆ ಕೈಯನ್ನೂ ಹಾಕಿದೆ.
ಆಗ ನೆನಪಾದಳು ಚೆನ್ನಾಜಿ.

ಸೀರೆಯವಳು, ಎರಡು ಕಾಲೂ ಎಡಕ್ಕೇ ಇಳಿಬಿಟ್ಟು ಕೂರುತ್ತಾಳೆ.
ಕೂತಳೆಂದರೆ ಅವಳ ಬಾಯಿ ನನ್ನ ಎಡಗಿವಿಗೇ ನೇರ.
ತೌರಿಗೆ, ಮದ್ದೂರಿನ ತನಕ, ಮಾತಾಡುತ್ತಾಳೆ.
ಟೋಪಿ ಹೆಲ್ಮೆಟ್ಟಿನ ಕೆಳಗೆ ಕೆನ್ನೆಗೆ ಉಸಿರು ತಾಗುತ್ತದೆ,
ಅದೇ ನನಗೆ ಗುರುತು.
ಉಸಿರು ನಿಂತಲ್ಲಿ ಹೂಂ ಅನ್ನುತ್ತೇನೆ.
ಎಷ್ಟು ಹೂಂ ಅಂದೆನೋ.

‘ಹಿಂದೆ ಕೂತವಳ ಮಾತು ಬಲಕ್ಕೆ ಬರೋ ಹಾಗೆ ಮಾಡ್ತೀಯಾ?’
ಹುಡುಗ ತಲೆ ಕೆರೆದು, ಡಬ್ಬ ತಡಕಿ
ಕಡಲೆಬೀಜದಷ್ಟು ಮೈಕು ತೆಗೆದ.
ಅವಳು ಬಾಯಿ ತೆರೆದರೆ ಹಾಡು ತಾನಾಗೇ ತಗ್ಗುತ್ತದಂತೆ.
ಅದಕ್ಕೆ ಬೇರೆ ದುಡ್ಡು. ಉಳಿದ ಅರ್ಧವೂ ಹೋಯಿತು.
ಎಡದ ತೂತಿಗೆ ಮುಚ್ಚಳ ಬಡಿದ; ಒಳಗಿನ ಜಾಗ
ಮಳೆ ಕೋಟಿಗೆ.

ಭಾನುವಾರ. ಹೆದ್ದಾರಿಗೆ ನಮ್ಮಂಥ ಗಾಡಿ ಬಿಡುವುದಿಲ್ಲ,
ಸರ್ವಿಸ್ ರಸ್ತೆ. ಇಂಡುವಾಳು ದಾಟಿದರೂ
ಅವಳು ಸುಮ್ಮನೆ.
ಬಲಗಿವಿಯಲ್ಲಿ ಬರೀ ಗಾಳಿ,
ಸೆರಗು ಮೈಕಿಗೆ ಉಜ್ಜುವ ಸದ್ದು.
ತೂಬಿನಕೆರೆ ಹತ್ತಿರ, ಗಾಡಿಯ ಹೊಟ್ಟೆಯಿಂದಲೇ ಎದ್ದ ಹಾಗೆ:
‘ಗೇಟಿಗೆ ನೀಲಿ ಬಳಿಸ್ಲಾ ಅಂದೆ, ಹೂಂ ಅಂದ್ರಿ.
ತಮ್ಮನಿಗೆ ನಲವತ್ತು ಸಾವ್ರ ಕೊಡ್ಲಾ ಅಂದೆ, ಹೂಂ.
ಮಗಳು ನಾಟಕ ಕಲೀಲಾ ಅಂದೆ, ಅದಕ್ಕೂ ಹೂಂ.
ನೀವು ಬ್ಯಾಡ ಅನ್ನೋಂಥದ್ದನ್ನೆಲ್ಲ
ನಾನು ಗಾಡಿ ಮ್ಯಾಲೇ ಕೇಳಿದ್ದು.’

ಗೇರು ಇಳಿಸಿದೆ. ಮುಂದೆ ಕಬ್ಬಿನ ಟ್ರಾಕ್ಟರು,
ದಾಟಲು ಹೋಗಲಿಲ್ಲ.
‘ಗೊತ್ತಿತ್ತಾ ನಿಂಗೆ?’
ಉಸಿರು ಎಡಗೆನ್ನೆಗೆ ತಾಗಿತು,
ಚೂರು ತಡವಾಗಿ ಬಲಕ್ಕೆ ದನಿ:
‘ಇದನ್ನ ಆಫ್ ಮಾಡೋದು ಎಲ್ಲಿ,
ಹೇಳಿ ಮದ್ಲು.’